ಮಾವನ ಜೀಪೂ ಸೋರುವ ಚೇಂಬರೂ

ನಮ್ಮ ಸೋದರಮಾವ ಎಲ್ಲಿಗೆ ಹೋಗಿದ್ದರು ಎಂದು ತಿಳಿಯಬೇಕಾದರೆ ಅವರನ್ನು ಕೇಳುವ ಅಗತ್ಯವೇ ಇರಲಿಲ್ಲ. ರಸ್ತೆಯನ್ನು ನೋಡಿದರೆ ಸಾಕಿತ್ತು! ಅವರ ಜೀಪು ಹೋದಲ್ಲೆಲ್ಲ ಹನಿಹನಿಯಾಗಿ ಆಯಿಲ್ ಬಿಟ್ಟು ಬರುತ್ತಿತ್ತು. ಅಕ್ಕಿ ಗಿರಣಿಯ ಮುಂದೆ ಒಂದು ಕರೀ ಮಚ್ಚೆ, ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಇನ್ನೊಂದು, ಇಸ್ಪೀಟು ಆಡುವ ಗೆಳೆಯರ ಕಟ್ಟೆಯ ಮುಂದಂತೂ ಸಣ್ಣದೊಂದು ಕೆರೆ! "ಗದ್ದಿ ಕಡೆ ಹೋಗಿದ್ದೆ" ಎಂದು ಮಾವ ಹೇಳಿದ ದಿನ ಅತ್ತೆ ತರಕಾರಿ ತರುವ ನೆಪದಲ್ಲಿ ನೆಲ ನೋಡುತ್ತ ಊರೊಳಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಬಂದವರೇ, "ಇಸ್ಪೀಟಿನ್ಯಾಗ ಗೆದ್ರ್ಯೋ, ಸೋತ್ರ್ಯೋ?" ಎಂದಷ್ಟೇ ಕೇಳುತ್ತಿದ್ದರು. ಪೊಲೀಸರಿಗೂ ಇಂಥ ಸಾಕ್ಷಿ ಸಿಕ್ಕಿರಲಿಕ್ಕಿಲ್ಲ!

ಇದು ಎಪ್ಪತ್ತರ ದಶಕದ ಮಾತು. ಮಾವನದು ಕಂಪ್ಲಿ. ಡ್ಯಾಮಿನ ಕಾಲುವೆ ನೀರು ಬಂದು ಊರ ಸುತ್ತ ಭತ್ತ, ಕಬ್ಬು, ಬಾಳೆ ತುಂಬಿಕೊಂಡಿದ್ದ ಕಾಲ. ನಾಲ್ಕು ಕಾಸು ಕಂಡವರು ಮನೆಯ ಮೇಲೆ ಮಾಳಿಗೆ ಎಬ್ಬಿಸಿದರು, ರೇಡಿಯೋ ತಂದರು, ಮೋಟರ್ ಸೈಕಲ್ ತಂದರು. ನಮ್ಮ ಮಾವ ಜೀಪು ತಂದರು. ಹೊಸದಲ್ಲ. ಡ್ಯಾಮ್ ಕಟ್ಟುವಾಗ ಕಲ್ಲು ಒದಗಿಸುತ್ತಿದ್ದ ಕಂಟ್ರಾಕ್ಟರನೊಬ್ಬ ಮನಸೋ ಇಚ್ಛೆ ದುಡಿಸಿಕೊಂಡು, ಬೇಸತ್ತು, ಹುಣಸೆ ಮರದ ಕೆಳಗೆ ನಿಲ್ಲಿಸಿಬಿಟ್ಟಿದ್ದ ಜೀಪು ಅದು. ಓಣಿಯ ಕೋಳಿಗಳು ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವಂತೆ.

"ಕೋಳಿ ಎಲ್ಲೆಂದ್ರಲ್ಲಿ ಮೊಟ್ಟಿ ಇಡೂದಿಲ್ಲ. ಗಟ್ಟಿ ಜಾಗ ನೋಡೇ ಇಡ್ತೈತಿ," ಎಂದರು ಮಾವ. ಅವರು ಆ ಜೀಪು ಕೊಳ್ಳಲು ಇದ್ದ ಆಧಾರ ಇಷ್ಟೇ!

ಹಾಗಂತ ಮಾವ ಜಿಪುಣರೇ? ಛೇ! ಅವರ ಮನೆಗೆ ಊಟದ ಹೊತ್ತಿಗೆ ಹೋದವರು ಯಾರೂ ಹಸಿದು ಎದ್ದವರಲ್ಲ. ಹೊಸ ಅಕ್ಕಿಯ ಮೊದಲ ಚೀಲ ನಮ್ಮ ಮನೆಗೇ ಬರುತ್ತಿತ್ತು. ಹೊಸಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ನಮ್ಮಪ್ಪ, "ಇಷ್ಟೆಲ್ಲ ಯಾಕ್ರಿ" ಎಂದು ಸಂಕೋಚಪಟ್ಟರೆ, "ನನ್ನ ತಂಗಿಗೆ ಕೊಟ್ಟೀನಿ, ನಿಮಗ ಕೊಟ್ಟಿಲ್ಲ. ನೀವು ಉಣಬ್ಯಾಡ್ರಿ" ಎನ್ನುತ್ತಿದ್ದರು. ಅವರಿಗಿದ್ದ ರೋಗ ಒಂದೇ: ಯಾವುದನ್ನೂ ಎಸೆಯಬಾರದು, ತೇಪೆ ಹಚ್ಚಬೇಕು. ಅವರ ಕೊಡೆಗೆ ತೇಪೆ, ಚಪ್ಪಲಿಗೆ ತೇಪೆ, ನೀರು ಕಾಯಿಸುವ ಹಂಡೆಗೆ ತೇಪೆ.

"ನನ್ನೊಬ್ಬಾಕಿನ್ನ ಬಿಟ್ಟು ಈ ಮನ್ಯಾಗ ಎಲ್ಲಾದಕ್ಕೂ ತ್ಯಾಪಿ ಹಚ್ಯಾರ ನೋಡ್ರಿ," ಎಂದು ಅತ್ತೆ ಬಂದವರ ಮುಂದೆ ಹೇಳಿಕೊಂಡರೆ, ಮಾವ ಗಂಭೀರವಾಗಿ, "ನಿನ್ನ ಬಾಯಿಗೆ ಹಚ್ಚಾಕ ನೋಡಿದ್ನೆಲ್ಲ, ಹಿಡೀಲಿಲ್ಲ" ಎನ್ನುತ್ತಿದ್ದರು.

ಜೀಪು ಸೋರತೊಡಗಿದ್ದಕ್ಕೂ ಒಂದು ಕಥೆಯುಂಟು. ಅತ್ತೆಯ ತವರಿನ ಕಡೆಯವರು ಬಂದಿದ್ದರು. ಅವರಿಗೆ ಹಂಪಿ ತೋರಿಸಬೇಕು. ಎಲ್ಲರೂ ಹೋಗುವ ದಾರಿಯಲ್ಲಿ ಹೋದರೆ ಅದೇನು ತೋರಿಸಿದ ಹಾಗೆ? "ಜೀಪಿಗೆ ರಸ್ತಾ ಯಾಕ ಬೇಕ್ರಿ? ಇದು ಕುದುರಿ ಇದ್ದಂಗ!" ಎಂದು ಮಾವ ಗಾಡಿಯನ್ನು ಬಂಡೆಗಳ ನಡುವೆ ಇಳಿಸಿದರು. ಢಣ್ ಎಂದು ಒಂದು ಶಬ್ದ! ನೂರಾರು ವರ್ಷ ಯಾರ ತಂಟೆಗೂ ಹೋಗದೆ ಬಿದ್ದುಕೊಂಡಿದ್ದ ಒಂದು ಕಲ್ಲು ಕುದುರೆಯ ಹೊಟ್ಟೆಯನ್ನು ಸೀಳಿತ್ತು. ಎಂಜಿನ್ನಿನ ಕೆಳಗೆ ಆಯಿಲ್ ತುಂಬಿಕೊಂಡಿರುವ ತಗಡಿನ ತೊಟ್ಟಿಯೊಂದು ಇರುತ್ತದಲ್ಲ, ಗಾಡಿ ರಿಪೇರಿಯ ಮಿಸ್ತ್ರಿಗಳು ಚೇಂಬರ್ ಎನ್ನುತ್ತಾರಲ್ಲ, ಅದು ಬಿರುಕು ಬಿಟ್ಟಿತ್ತು. ಬೀಗರು ಹಂಪಿಯ ಗುಡಿಗಳನ್ನು ನೋಡಿದ್ದಕ್ಕಿಂತ ಜೀಪಿನ ಕೆಳಗೆ ಮಲಗಿದ್ದ ಮಾವನ ಕಾಲುಗಳನ್ನು ನೋಡಿದ್ದೇ ಹೆಚ್ಚು.

ಮನೆಯಲ್ಲಿ ಎಲ್ಲರೂ ಹೊಸ ಚೇಂಬರ್ ಹಾಕಿಸಿ ಎಂದರು. ಮಾವ ಕೇಳುತ್ತಾರೆಯೇ? ಮೊದಲ ಚಿಕಿತ್ಸೆ ಸೋಪಿನದು. ಅತ್ತೆಯ ಬಟ್ಟೆ ಒಗೆಯುವ ಸೋಪನ್ನು ಕದ್ದು, ನಾದಿ, ಬಿರುಕಿಗೆ ಮೆತ್ತಿದರು. ನಂಬಿದರೆ ನಂಬಿ, ಸೋರುವುದು ನಿಂತಿತು! ಮರುದಿನ ಒಂದು ಹಳ್ಳ ದಾಟುವಾಗ ಚಕ್ರ ನೀರೆರಚಿ ಸೋಪು ತೊಳೆದುಹೋಯಿತು. ಅತ್ತೆಯ ಸೋಪೂ ಹೋಯಿತು, ಒಗೆಯಬೇಕಾದ ಬಟ್ಟೆಗಳ ಪಟ್ಟಿಗೆ ಮಾವನ ಆಯಿಲ್ ಮೆತ್ತಿದ ಧೋತರವೂ ಸೇರಿತು.

ಎರಡನೆಯದು ಬೆಲ್ಲ ಮತ್ತು ಸುಣ್ಣ. ಒಡೆದ ಗಡಿಗೆಗೆ ಹಿಂದಿನವರು ಹಚ್ಚುತ್ತಿದ್ದ ಅಂಟು. ಕಂಪ್ಲಿಯಲ್ಲಿ ಬೆಲ್ಲಕ್ಕೇನು ಬರ? ಮಾವ ಧಾರಾಳವಾಗಿ ಹಚ್ಚಿದರು. ಅದು ಒಣಗಿ ಕಲ್ಲಾಯಿತು. ಆದರೆ ಬೆಳಗಾಗುವಷ್ಟರಲ್ಲಿ ಓಣಿಯ ಇರುವೆಗಳೆಲ್ಲ ಸಾಲುಗಟ್ಟಿ ಜೀಪು ಹತ್ತಿದ್ದವು! ಅವತ್ತೇ ಊರಿನ ಹಿರಿಯರೊಬ್ಬರನ್ನು ಹೊಸಪೇಟೆಗೆ ಕರೆದುಕೊಂಡು ಹೋಗುವುದಿತ್ತು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಶಲ್ಯದ ಆ ಯಜಮಾನರು ಊರು ದಾಟುವ ಮೊದಲೇ ಸೀಟಿನ ಮೇಲೆ ಕುಣಿಯಲಾರಂಭಿಸಿದರು. "ಏನ್ರೀ ಇದು, ಜೀಪೋ ಹುತ್ತೋ!" ಎಂದು ಇಳಿದವರು ಬಸ್ಸು ಹಿಡಿದರು. ಮಾವ ಮಾತ್ರ, "ಇರುವಿ ಕಡದ್ರೇನಾತು, ಸೋರೂದು ನಿಂತೈತಿ ನೋಡು" ಎಂದು, ರಜೆಗೆ ಕಂಪ್ಲಿಗೆ ಹೋಗಿದ್ದ ನನಗೆ ಬಗ್ಗಿ ತೋರಿಸಿದರು.

ಕೊನೆಗೆ ಹೊಸಪೇಟೆಯ ಮಿಸ್ತ್ರಿಯ ಕೈಗೆ ಗಾಡಿ ಹೋಯಿತು. ಆತ ಚೇಂಬರ್ ಬಿಚ್ಚಿ, ಗ್ಯಾಸ್ ವೆಲ್ಡಿಂಗಿನಿಂದ ತಗಡಿನ ತುಂಡೊಂದನ್ನು ಕೂಡಿಸಿ ಕಳಿಸಿದ. ಕೆಲವು ತಿಂಗಳಿಗೆ ಅದರ ಪಕ್ಕದಲ್ಲಿ ಬಿರುಕು. ಮತ್ತೆ ತೇಪೆ. ತೇಪೆಯ ಅಂಚಿಗೆ ಇನ್ನೊಂದು ತೇಪೆ. ಒಂದು ದಿನ ಮಿಸ್ತ್ರಿ ಕೈಮುಗಿದೇಬಿಟ್ಟ.

"ಸಾವ್ಕಾರ್ರೇ, ಹೊಸಾ ಚೇಂಬರ್ ಹಾಕಸ್ರಿ. ಇದ್ರಾಗ ಚೇಂಬರ್ ಎಲ್ಲೈತಿ, ತ್ಯಾಪಿ ಎಲ್ಲೈತಿ ಅಂತ ನನಗ ಗೊತ್ತಾಗವಲ್ದು!"

"ಬರೇ ತ್ಯಾಪಿನೇ ಐತೇನು?"

"ಹೂಂನ್ರಿ, ಬರೇ ತ್ಯಾಪಿ."

"ತ್ಯಾಪಿ ಎಲ್ಲಾ ಹೊಸಾ ತಗಡಿಂದಲ್ಲೇನು?"

"ಹೌದ್ರಿ."

"ಹಂಗಾದ್ರ ಚೇಂಬರ್ ಹೊಸಾದ ಆತಲ್ಲಪಾ!"

ಮಿಸ್ತ್ರಿ ತನ್ನ ಸ್ಪ್ಯಾನರನ್ನು ಕೆಳಗಿಟ್ಟು ಚಹಾ ಕುಡಿಯಲು ಎದ್ದು ಹೋದ. ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ?

ಇಷ್ಟರಲ್ಲಿ ನನ್ನ ಪ್ರಸಂಗ ಬಂತು. ನಾನು ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿ ಕೂತು ವರ್ಷವಾಗಿತ್ತು. ಒಂದು ಗಂಡಿನ ಕಡೆಯವರು ನೋಡಿ, ಒಪ್ಪಿ, ಉತ್ತರಕ್ಕಾಗಿ ಕಾದಿದ್ದರು. ಹುಡುಗಿ ಕೆಲಸ ಮಾಡಬಾರದೆಂಬುದು ಅವರ ಷರತ್ತು. ನನಗೆ ಆ ಸಂಬಂಧ ಬೇಡವಾಗಿತ್ತು, ಪಾಠ ಹೇಳುವ ಕೆಲಸ ಬೇಕಾಗಿತ್ತು. ಅಪ್ಪನ ಎದುರು ಇದನ್ನು ಹೇಳುವ ಬಾಯಿ ನನಗಿರಲಿಲ್ಲ. ಹೇಳಿದವರು ಮಾವ. ಅವರು ಕಂಪ್ಲಿಯಿಂದ ಬಂದು, ಪಡಸಾಲೆಯಲ್ಲಿ ಕೂತು, ಅಪ್ಪನೊಡನೆ ಏರುದನಿಯಲ್ಲಿ ವಾದ ಮಾಡಿದರು. ಕೊನೆಗೆ ಅಪ್ಪ, "ಸಂಡೂರಿನ ಸಾಲಿಯಿಂದ ಸಂದರ್ಶನಕ್ಕ ಕರದಾರ. ಅದೊಂದಕ್ಕ ಹೋಗಿ ಬರ್ಲಿ. ಸಿಕ್ರ ಸಿಕ್ತು. ಇಲ್ಲಾಂದ್ರ ಗಂಡಿನ ಕಡ್ಯಾವ್ರಿಗೆ ಹೂಂ ಅಂತೀನಿ" ಎಂದರು. ಅಲ್ಲಿಗೆ ನನ್ನ ಬದುಕೆಲ್ಲ ಒಂದು ಬೆಳಗಿನ ಹನ್ನೊಂದು ಗಂಟೆಗೆ ಬಂದು ನಿಂತಿತು.

"ನನ್ನ ಸೊಸಿ ಬಸ್ಸಿನ್ಯಾಗ ನಿಂತು, ಸೀರಿ ಮುದುಡಿಕೊಂಡು ಹೋಗ್ಬೇಕೇನು? ನಾ ಕರ್ಕೊಂಡು ಹೊಕ್ಕೀನಿ," ಎಂದು ಮಾವ ಘೋಷಿಸಿದರು. ಅವ್ವ, "ಅಣ್ಣಾ, ಬಸ್ಸ ಇರ್ಲಿ ಬಿಡೋ" ಎಂದಳು. ಯಾರಿಗೆ ಹೇಳುತ್ತೀರಿ? ಹಿಂದಿನ ದಿನವೇ ಮಾವ ಜೀಪನ್ನು ಮಿಸ್ತ್ರಿಯ ಹತ್ತಿರ ಒಯ್ದರು. ಹೊಸ ಚಪ್ಪಲಿ ತರಲು ಹೊರಟಿದ್ದ ನಾನೂ ಜೊತೆಯಲ್ಲಿದ್ದೆ. ಮಿಸ್ತ್ರಿ ಅಟ್ಟದಿಂದ ಹೊಸ ಚೇಂಬರೊಂದನ್ನು ಇಳಿಸಿ, ಧೂಳು ಒರೆಸಿ, ಮಾವನ ಮುಂದೆ ಹಿಡಿದ. ಮಾವ ಅದನ್ನು ತಿರುಗಿಸಿ ನೋಡಿ, ಬೆರಳಿನಿಂದ ಬಡಿದು, "ತಗಡು ತೆಳ್ಳಗೈತಿ. ಹಳೇದಕ್ಕ ಇನ್ನೊಂದು ತ್ಯಾಪಿ ಹಚ್ಚು" ಎಂದರು.

ಮಿಸ್ತ್ರಿ ಹಚ್ಚಿದ. ಹಚ್ಚಿ, ಜೀಪಿನಲ್ಲಿ ಆಯಿಲ್ ಒತ್ತಡ ತೋರಿಸುವ ಸಣ್ಣ ಸೂಜಿಯ ಕಡೆ ಬೆರಳು ಮಾಡಿ, "ಈ ಸೂಜಿ ಮ್ಯಾಲ ಕಣ್ಣಿರ್ಲಿ ಸಾವ್ಕಾರ್ರೇ. ಇದು ಬಿತ್ತಂದ್ರ ಅಲ್ಲೇ ನಿಂದ್ರಸ್ರಿ. ಒಂದು ಹೆಜ್ಜಿ ಮುಂದ ಹೋದ್ರ ಎಂಜಿನ್ ಸುಟ್ಟು ಜಾಮ್ ಆಗ್ತೈತಿ" ಎಂದ. "ನನಗ ಹೇಳ್ತೀಯೇನಲೇ," ಎಂದು ನಕ್ಕರು ಮಾವ.

ಬೆಳಿಗ್ಗೆ ಹೊರಟೆವು. ಮಾವ ಬಲು ಉಮೇದಿಯಲ್ಲಿದ್ದರು. ಸಂದರ್ಶನದಲ್ಲಿ ಏನೇನು ಕೇಳಬಹುದೆಂದು ಅವರೇ ಊಹಿಸಿ, ಅವರೇ ಪ್ರಶ್ನೆ ಹಾಕಿ, ಅವರೇ ತಪ್ಪು ಉತ್ತರ ಹೇಳುತ್ತಿದ್ದರು! ಗಾದಿಗನೂರು ದಾಟಿತು. ಸಂಡೂರಿನ ಗುಡ್ಡಗಳು ಹತ್ತಿರ ಬಂದವು. ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳಿನಲ್ಲಿ ನನ್ನ ಹಸಿರು ಸೀರೆ ಬಣ್ಣ ಬದಲಿಸತೊಡಗಿತು. ಮುಂದೆ ನೋಡಿದರೆ ಅದಿರು ತುಂಬಿದ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡವಾಗಿ ನಿಂತಿದೆ. ಆಚೆಗೊಂದು ಸಾಲು, ಈಚೆಗೊಂದು ಸಾಲು. ಕಾದೆವು, ಕಾದೆವು. ಹೊತ್ತು ಏರುತ್ತಲೇ ಇತ್ತು. ನನ್ನ ಕಣ್ಣಲ್ಲಿ ನೀರು ನಿಂತದ್ದನ್ನು ಮಾವ ನೋಡಿದರು. ಗಾಡಿಯನ್ನು ರಸ್ತೆಯಿಂದ ಇಳಿಸಿ, ಲಾರಿಯ ಪಕ್ಕದ ದಿಬ್ಬ ಹತ್ತಿಸಿ, ಆಚೆ ದಾಟಿಸಿಯೇಬಿಟ್ಟರು. ದಾಟುವಾಗ ಲಾರಿಯವರು ಎಚ್ಚರಿಕೆಗೆಂದು ಇಟ್ಟಿದ್ದ ಒಂದು ಕಲ್ಲು ಕೆಳಗೆ ಬಡಿಯಿತು.

ಢಣ್! ಹಂಪಿಯಲ್ಲಿ ಆದ ಶಬ್ದವೇ!

ಸ್ವಲ್ಪ ದೂರ ಹೋಗಿದ್ದೆವು. ಸೂಜಿ ನಿಧಾನವಾಗಿ ಇಳಿಯತೊಡಗಿತು. ನಾನು ನೋಡಿದೆ. ಮಾವನೂ ನೋಡಿದರು. ಒಂದು ಸಲ ಹಿಂದೆ ತಿರುಗಿದರು: ರಸ್ತೆ ಖಾಲಿ. ಲಾರಿಗಳೆಲ್ಲ ಅಲ್ಲಿಯೇ ಸಿಕ್ಕಿಕೊಂಡಿದ್ದವು. ಇಳಿದು ನಿಂತರೆ ಕರೆದೊಯ್ಯುವವರು ಯಾರೂ ಇರಲಿಲ್ಲ. ಕೈಗಡಿಯಾರ ನೋಡಿಕೊಂಡರು. ಸೂಜಿ ತಳಕ್ಕೆ ಹೋಗಿ ಮಲಗಿತು.

"ಗಟ್ಟಿ ಹಿಡ್ಕೊಳವ್ವಾ," ಎಂದವರೇ ಗಾಡಿಯನ್ನು ಇನ್ನೂ ಜೋರಾಗಿ ಬಿಟ್ಟರು.

ಆಯಿಲ್ ಇಲ್ಲದ ಎಂಜಿನ್ನು ಹಿಟ್ಟಿನ ಗಿರಣಿಯೊಳಗೆ ಮೊಳೆ ಬಿದ್ದ ಹಾಗೆ ಕೂಗತೊಡಗಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು, ಸುಟ್ಟ ವಾಸನೆ ಬಂತು. ಮಾವನ ತುಟಿ ಅಲುಗುತ್ತಿತ್ತು. ಕಿವಿಗೊಟ್ಟರೆ, ಏರು ಹತ್ತುವ ಎತ್ತಿಗೆ ಹೇಳುವ ಹಾಗೆ, "ಇನ್ನೊಂಚೂರು ನಮ್ಮಪ್ಪಾ, ಇನ್ನೊಂಚೂರು" ಎನ್ನುತ್ತಿದ್ದರು. ಕೊಡೆಯ ಕಡ್ಡಿ ಮುರಿದರೂ ಸಂಕಟಪಡುತ್ತಿದ್ದ ಮನುಷ್ಯ ತಮ್ಮ ಕೈಯಾರೆ ಆ ಜೀಪಿನ ಜೀವ ತೆಗೆಯುತ್ತಿದ್ದರು.

ಊರು ಬಂತು. ಶಾಲೆಯ ಗೇಟು ಕಂಡಿತು. ಅಲ್ಲಿಗೆ ಮುಟ್ಟುವುದಕ್ಕೂ ಎಂಜಿನ್ನು ಕಿರ್ರೆಂದು ಚೀರಿ ಬಿಗಿದುಕೊಂಡು ನಿಲ್ಲುವುದಕ್ಕೂ ಸರಿಹೋಯಿತು.

"ಇಳಿ. ಮುಖ ವರಸ್ಕೊ. ಹೋಗು," ಎಂದರು. ನಾನು ಜೀಪಿನ ಕಡೆ ನೋಡಿದೆ. "ಅದನ್ನೇನು ನೋಡ್ತಿ? ಅದಕ್ಕೇನು ನೌಕರಿ ಕೊಡ್ತಾರೇನು? ಹೋಗು!"

ಒಳಗೆ ನನ್ನ ಹೆಸರು ಕರೆಯುತ್ತಿದ್ದರು. ಮುಖ್ಯೋಪಾಧ್ಯಾಯಿನಿ ನನ್ನ ಕೆಂಪಾದ ಸೀರೆ, ಕೆಂಪಾದ ತಲೆಗೂದಲು ನೋಡಿ, "ಹೇಗೆ ಬಂದಿರಮ್ಮ?" ಎಂದು ಕೇಳಿದರು. ಮಾವ ಊಹಿಸಿದ್ದ ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ. "ನಮ್ಮ ಮಾವನ ಜೀಪಿನಲ್ಲಿ" ಎಂದು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡೆ. ಅವರು ಒಂದು ಲೋಟ ನೀರು ತರಿಸಿಕೊಟ್ಟರು. ಆಮೇಲಿನ ಪ್ರಶ್ನೆಗಳಿಗೆಲ್ಲ ನಾನು ಹೆದರದೆ ಉತ್ತರ ಹೇಳಿದೆ.

ಹೊರಗೆ ಬಂದಾಗ ಮಾವ ಬೇವಿನ ಮರದ ಕೆಳಗೆ ಶೇಂಗಾ ತಿನ್ನುತ್ತ, ಸುತ್ತ ನೆರೆದಿದ್ದವರಿಗೆ ಜೀಪಿನ ಗುಣಗಾನ ಮಾಡುತ್ತಿದ್ದರು! ನನ್ನನ್ನು ಕಂಡು ಎದ್ದು ನಿಂತರು. "ಸೋಮವಾರದಿಂದ ಬರ್ರಿ ಅಂದ್ರು ಮಾವಾ" ಎಂದೆ. ಕೈಯಲ್ಲಿದ್ದ ಶೇಂಗಾವನ್ನೆಲ್ಲ ಪಕ್ಕದಲ್ಲಿದ್ದವನ ಟೋಪಿಯೊಳಗೆ ಸುರಿದುಬಿಟ್ಟರು.

ಕಂಪ್ಲಿಯಲ್ಲಿ ಜನ ಈ ಕಥೆಯನ್ನು ಬಹಳ ದಿನ ಹೇಳಿಕೊಂಡು ನಕ್ಕರು. ತಗಡಿನ ತೊಟ್ಟಿ ಉಳಿಸಲು ಹೋಗಿ ಇಡೀ ಎಂಜಿನ್ನನ್ನೇ ಸುಟ್ಟುಕೊಂಡ ಜಾಣರೆಂದು ಮಾವನಿಗೆ ಹೆಸರಾಯಿತು. "ಸೂಜಿ ನೋಡಲಿಲ್ಲೇನ್ರಿ?" ಎಂದು ಮಿಸ್ತ್ರಿ ತಲೆ ಚಚ್ಚಿಕೊಂಡ. ಮಾವ, "ಮಾತಾಡ್ಕೋತ ಬಂದ್ವಿ, ಲಕ್ಷ್ಯ ಇರ್ಲಿಲ್ಲ" ಎಂದರು. ಅತ್ತೆ ಬೈದಾಗಲೂ ಅದನ್ನೇ ಹೇಳಿದರು. ನಾನು ನಿಜ ಹೇಳಲು ಬಾಯಿ ತೆರೆದರೆ ಕಣ್ಣು ಬಿಟ್ಟು ಸುಮ್ಮನಾಗಿಸಿದರು. ತನ್ನಿಂದಾಗಿ ಇಷ್ಟು ನಷ್ಟವಾಯಿತೆಂಬ ಭಾರ ಹುಡುಗಿಯ ಮೇಲೆ ಬೀಳಬಾರದು, ಅಷ್ಟೇ. ಹೊಸ ಎಂಜಿನ್ನು ಬಂದ ದಿನ, ಯಾರೂ ಹೇಳದೆಯೇ, ಹೊಸ ಚೇಂಬರನ್ನೂ ಹಾಕಿಸಿದರು.

ಮೂರು ದಶಕದ ಹತ್ತಿರ ಪಾಠ ಹೇಳಿದೆ. ನನಗೆ ಬೇಕಾದ ಬದುಕನ್ನು ಬದುಕಿದೆ. ಈಗ ಮಾವ ಇಲ್ಲ. ಕಣ್ಣು ಬಿಟ್ಟು ಹೆದರಿಸುವವರು ಯಾರೂ ಇಲ್ಲದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಅವತ್ತು ಸಂಡೂರಿನಿಂದ ಬಸ್ಸಿನಲ್ಲಿ ವಾಪಸಾಗುವಾಗ ನಾನು ಕೇಳಿದ್ದೆ: "ಸೂಜಿ ಬಿದ್ದದ್ದು ನೋಡಿದ್ರೆಲ್ಲ ಮಾವಾ, ಯಾಕ ನಿಂದ್ರಸ್ಲಿಲ್ರಿ?"

ಮಾವ ಕೈಗೆ ಮೆತ್ತಿದ್ದ ಮಸಿಯನ್ನು ಧೋತರದ ಅಂಚಿಗೆ ಒರೆಸಿಕೊಂಡರು.

"ಎಂಜಿನ್ನು ನಾಳಿಗೂ ಸಿಗ್ತೈತಿ, ನಾಡದಕ್ಕೂ ಸಿಗ್ತೈತಿ. ಇವತ್ತಿನ ಹನ್ನೊಂದು ಗಂಟಿ ಯಾವ ಅಂಗಡ್ಯಾಗ ಸಿಗ್ತೈತಿ, ಹೇಳವ್ವಾ?"

ಅಷ್ಟು ಹೇಳಿ ಸೀಟಿಗೆ ಒರಗಿದವರು ಹಾಗೇ ನಿದ್ದೆ ಹೋದರು. ದಣಿದಿದ್ದರು. ಬಸ್ಸು ಒಂದು ತಿರುವು ತೆಗೆದುಕೊಂಡಾಗ ತಲೆ ವಾಲಿ ನನ್ನ ಹೆಗಲ ಮೇಲೆ ಬಂತು. ಹೊಸಪೇಟೆ ಬರುವತನಕ ನಾನು ಅಲುಗಾಡಲಿಲ್ಲ.