ಪುರಸಭೆಯ ಸಿಂಹದ ನಾಲಿಗೆ

ನಮ್ಮ ಮನೆಯ ಕೆಳಗೆ ಹಿಟ್ಟಿನ ಗಿರಣಿ. ಅದರ ಬೆಲ್ಟು ಪಟಪಟ ಹೊಡೆದುಕೊಳ್ಳುವಷ್ಟು ಹೊತ್ತು ಮಹಡಿಯ ಮೇಲೆ ನಾವು ಕೂಗಿಯೇ ಮಾತಾಡಬೇಕು. ಗಿರಣಿ ನಿಂತಾಗಲೇ ಕಷ್ಟ. ಆ ಕ್ಷಣ ಯಾರ ಬಾಯಲ್ಲಿ ಯಾವ ಮಾತಿರುತ್ತದೋ ಅದು ಇಡೀ ಬೀದಿಯ ಸ್ವತ್ತು. ಅಂದು ಬೆಳಿಗ್ಗೆ ಪಟಪಟ ತಟ್ಟನೆ ನಿಂತಿತು. ನನ್ನ ಸೋದರಮಾವನ ಮಾತು ನಿಲ್ಲಲಿಲ್ಲ.

ಮಾವ: ನಾಲಿಗೆ ಒಳಗೆ ಎಳಿ ಅಂದ್ರೆ ಎಳೀಬೇಕು, ಅಷ್ಟೇ.

ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದಳು.

ಅಮ್ಮ: ಏನೋ ಅದು, ಬೆಳೆದ ಹುಡುಗೀನ ಬೀದಿಗೆಲ್ಲ ಕೇಳೋ ಹಾಗೆ ಬೈತೀಯಲ್ಲ. ಏನು ಎದುರಾಡಿದ್ಳು ನಿನಗೆ?

ಮಾವ: ಅವಳ ನಾಲಿಗೆ ಅಲ್ಲಕ್ಕ. ಸಿಂಹದ್ದು.

ಅಮ್ಮ: ಬೆಳಿಗ್ಗೆ ಏನಾದ್ರೂ ತಿಂದು ಬಂದ್ಯೋ, ಇಲ್ವೋ?

ವಿಷಯ ಇಷ್ಟು. ಮಾವ ಪುರಸಭೆಯಲ್ಲಿ ಹಿರಿಯ ಗುಮಾಸ್ತರು. ನಾನು ಕಾಲೇಜು ಮುಗಿಸಿ ಬಂದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಊರುಗಳ ಲಾಂಛನ, ಬಾವುಟಗಳನ್ನು ಬರೆಯುವವಳು. ಅಂತರ್ಜಾಲದಲ್ಲಿ ನಮ್ಮದೊಂದು ಬಳಗವಿದೆ. ಯಾರೂ ಯಾರ ಮುಖವನ್ನೂ ಕಂಡಿಲ್ಲ. ಸಂಬಳವಿಲ್ಲ, ಸಾಹೇಬರಿಲ್ಲ. ಲೋಕದ ಊರುಗಳ ಲಾಂಛನ ಹೊತ್ತ ಗುರಾಣಿ, ಬಾವುಟಗಳನ್ನೆಲ್ಲ ಬರೆದು ಎಲ್ಲರಿಗೂ ಸಿಗುವಂತೆ ಇಡುವುದು, ಆಮೇಲೆ ಅವುಗಳ ಬಗ್ಗೆ ಜಗಳವಾಡುವುದು ನಮ್ಮ ಕೆಲಸ. ಎರಡನೆಯದರಲ್ಲಿ ನಮ್ಮದು ಹೆಚ್ಚು ಪಳಗಿದ ಕೈ.

ನಮ್ಮೂರಿನ ಲಾಂಛನವನ್ನೂ ಬರೆದು ಬಳಗದ ಪುಟಕ್ಕೆ ನಾನೇ ಏರಿಸಿದ್ದೆ. ಒಂದು ಬುರುಜು, ಅದರ ಮೇಲೆ ಸಿಂಹ, ಕೆಳಗೆ ನೀರು. ಮರುದಿನ ಪುರಸಭೆಯ ಹೊಸ ಕಟ್ಟಡದ ಬಾಗಿಲು ತೆರೆಯುವುದಿತ್ತು. ಬೀದಿಯ ಉದ್ದಕ್ಕೂ ಆ ಲಾಂಛನದ ಬಾವುಟ ಹಾರಿಸಬೇಕೆಂದು ಮಾವ ನನ್ನ ಚಿತ್ರವನ್ನೇ ಅಧ್ಯಕ್ಷರ ಮುಂದೆ ಇಟ್ಟಿದ್ದರು. ಚಿತ್ರದಲ್ಲಿ ಸಿಂಹ ಉದ್ದಕ್ಕೆ ಕೆಂಪು ನಾಲಿಗೆ ಚಾಚಿತ್ತು.

ಮಾವ: ಮೊನ್ನೆ ತಾನೇ ನೀರಿನ ತೆರಿಗೆ ಏರಿಸಿದ್ದಾರೆ. ಈಗ ಕಂಬಕಂಬಕ್ಕೂ ಸಿಂಹ ನಿಂತು ನಾಲಿಗೆ ಚಾಚಿದ್ರೆ ಜನ ಏನಂದ್ಕೋತಾರೆ, ನೀನೇ ಹೇಳಕ್ಕ. ಅಧ್ಯಕ್ಷರು ಚಿತ್ರ ನೋಡಿದ್ರು, ನನ್ನ ಮುಖ ನೋಡಿದ್ರು. ಬಾಯಿ ಮುಚ್ಚಿರೋ ಸಿಂಹ ತಗೊಂಡ್ ಬಾ, ಇಲ್ದಿದ್ರೆ ನಿನ್ನ ಮೇಜು ಸ್ಮಶಾನ ವಿಭಾಗಕ್ಕೆ ಅಂದ್ರು.

ಅಮ್ಮ: ಹೋಗೋ. ಅಲ್ಲಿಯವರು ಯಾರೂ ಎದ್ದು ಬಂದು ದೂರು ಹೇಳಲ್ಲ.

ಮಾವ: ಆ ಕಿಟಕಿ ಪಕ್ಕದ ಮೇಜಿಗೋಸ್ಕರ ತಲೆಗೂದಲೆಲ್ಲ ಕೊಟ್ಟಿದ್ದೀನಿ. ತಮಾಷೆ ಮಾಡಬೇಡ.

ನನಗೆ ಪಾಪ ಅನಿಸಿತು. ಆದರೆ ನಮ್ಮ ಬಳಗದಲ್ಲಿ ಪಾಪಕ್ಕೆ ಅವಕಾಶವಿಲ್ಲ.

ನಾನು: ನನ್ನಿಷ್ಟಕ್ಕೆ ತಿದ್ದೋ ಹಾಗಿಲ್ಲ ಮಾವ. ಒಂದು ಗೆರೆ ಬದಲಿಸಿದ್ರೂ ಅದು ಎಲ್ಲಿಂದ ಬಂತು ಅಂತ ಮೂಲ ತೋರಿಸಬೇಕು.

ಮಾವ: ನೀನು ಬರೆದ ಸಿಂಹಾನ ನೀನು ತಿದ್ದೋಕೆ ಯಾರ ಅಪ್ಪಣೆ?

ನಾನು: ಸಿಂಹ ನಾನು ಬರೆದದ್ದಲ್ಲ.

ನಮ್ಮಲ್ಲಿ ಒಬ್ಬರು ಚೆಂದ ಬರೆದದ್ದನ್ನು ಉಳಿದವರೂ ಬಳಸುವುದು ವಾಡಿಕೆ. ಒಂದೇ ಸಿಂಹ ನೂರಾರು ಊರು ಕಾಯುತ್ತದೆ. ಇದನ್ನು ಮಾವನಿಗೆ ತಿಳಿಹೇಳಿದೆ. ಅವರ ಮುಖ ನಿಧಾನವಾಗಿ ಇಳಿಯಿತು.

ಮಾವ: ಮತ್ತೆ ನಮ್ಮೂರ ಸಿಂಹ ಯಾರದ್ದು?

ನಾನು: ಒಬ್ಬ ಹಲ್ಲಿನ ಡಾಕ್ಟರದ್ದು. ಯಾವ ದೇಶದವರೋ.

ಅಮ್ಮ: ಹಾಗಿದ್ಮೇಲೆ ಬಾಯಿ ತೆಗೆಸದೆ ಬಿಡ್ತಾರಾ?

ಮಾವ: ಬುರುಜು?

ನಾನು: ಅದು ಬಸ್ ಓಡಿಸೋರೊಬ್ಬರದ್ದು.

ಮಾವ: ಹಾಗಾದ್ರೆ ಇದರಲ್ಲಿ ನಿನ್ನದು ಅಂತ ಏನಿದೆ?

ನಾನು: ಅಲೆ.

ಅಲೆ ಎಂದರೆ ಒಂದು ಬಳುಕು ಗೆರೆ. ಅದನ್ನು ಒಮ್ಮೆ ಬರೆದು ನಕಲು ಮಾಡುತ್ತ ಹೋದರಾಯಿತು. ಆದರೂ ನಾನು ಕಾಣದ ಎಷ್ಟೋ ಊರುಗಳ ಗುರಾಣಿಯ ತಳದಲ್ಲಿ ನನ್ನ ನೀರು ಹರಿಯುತ್ತಿದೆ ಎಂದು ಒಬ್ಬಳೇ ಇದ್ದಾಗ ನೆನೆದು ಸುಖಪಡುತ್ತೇನೆ. ನಮ್ಮ ಮನೆಯ ನಲ್ಲಿಯಲ್ಲಿ ಮಾತ್ರ ಅದು ದಿನ ಬಿಟ್ಟು ದಿನ.

ಅಮ್ಮ: ಇಷ್ಟು ದಿನ ಬೆನ್ನು ಬಗ್ಗಿಸಿ ಕೂತು ನೀರು ಬರೀತಿದ್ಯೇನೇ? ಆ ಹೊತ್ತಲ್ಲಿ ಎರಡು ಬಿಂದಿಗೆ ತಂದಿಟ್ಟಿದ್ರೆ ಪಾತ್ರೆನಾದ್ರೂ ತೊಳೀಬಹುದಿತ್ತು.

ಮಾವ ಸೋಲುವವರಲ್ಲ. ಮೂಲ ತಾನೇ ಬೇಕು, ಪುರಸಭೆಗಿಂತ ದೊಡ್ಡ ಮೂಲ ಯಾವುದಿದೆ ಎಂದರು. ಕಾಗದ ಕೇಳಿ ತೆಗೆದುಕೊಂಡು, ಈ ಊರಿನ ಸಿಂಹವು ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ದುಂಡಗೆ ಬರೆದು ಸಹಿ ಹಾಕಿದರು. ಕಚೇರಿಯ ಸಾಮಾನು ಹೊಸ ಕಟ್ಟಡಕ್ಕೆ ಸಾಗುವಾಗ ಕಳೆದೀತೆಂದು ಮೊಹರನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಅದನ್ನು ತೆಗೆದು ಸಹಿಯ ಪಕ್ಕದಲ್ಲಿ ಗಟ್ಟಿಯಾಗಿ ಒತ್ತಿದರು.

ಮೂವರೂ ಬಗ್ಗಿ ನೋಡಿದೆವು. ಮೊಹರಿನೊಳಗಿಂದ ಸಿಂಹ ನಮ್ಮತ್ತ ನಾಲಿಗೆ ಚಾಚಿತ್ತು.

ನಾನು: ಇದು ಡಾಕ್ಟರ ಸಿಂಹ ಅಲ್ವಾ?

ಮಾವ: ಹಳೇ ಮೊಹರು ಸವೆದುಹೋಗಿತ್ತು. ಹೋದ ವರ್ಷ ಹೊಸದು ಮಾಡಿಸಿದ್ದು. ಮೊಹರು ಮಾಡೋನು ಚಿತ್ರ ಕೊಡಿ ಅಂದ, ನಿನ್ನ ಪುಟದಿಂದ ತೆಗೆದುಕೊಟ್ಟೆ.

ನಾನು: ಅಂದ್ರೆ ನಿಮಗೆ ಮೂಲ ನಾನು.

ಮಾವ: ನಿನಗೆ ಮೂಲ ಯಾರು?

ಹಳೆಯ ಗೆಜೆಟ್ಟಿನ ಸಾಲೊಂದನ್ನು ತೋರಿಸಿದೆ. ‘ಬುರುಜಿನ ಮೇಲೆ ಸಿಂಹ, ಕೆಳಗೆ ನೀರು’ ಎಂದಷ್ಟೇ ಇತ್ತು. ಮಾವ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. ಕಡತದಲ್ಲಿ ಇಲ್ಲದ್ದನ್ನು ಕಂಡುಹಿಡಿಯುವುದರಲ್ಲೇ ಅವರ ಆಯುಸ್ಸು ಕಳೆದಿದೆ.

ಮಾವ: ಇದರಲ್ಲಿ ನಾಲಿಗೆ ಎಲ್ಲಿದೆ?

ನಾನು: ಲಾಂಛನದಲ್ಲಿ ಸಿಂಹ ನಾಲಿಗೆ ಚಾಚಿರೋದೇ ಪದ್ಧತಿ ಮಾವ. ಬೇರೆ ಏನೂ ಹೇಳದೇ ಇದ್ರೆ ಚಾಚೋದೇ.

ಅಮ್ಮ: ನಮ್ಮ ಮನೆ ಗಂಡಸರ ಹಾಗೆ. ಏನೂ ಹೇಳದೇ ಇದ್ರೆ ಕಾಲು ಚಾಚೋದೇ.

ಮಾವ: ನೀನಿರಕ್ಕ. ಅಂದ್ರೆ ಹುಡುಗಿ, ನಿನ್ನ ನಾಲಿಗೆಗೂ ಮೂಲ ಇಲ್ಲ.

ಬಳಗಕ್ಕೆ ಬರೆದು ಕೇಳಿದೆ. ಅಲ್ಲಿ ಎಲ್ಲವನ್ನೂ ಪರಿಶೀಲಿಸುವ ಒಬ್ಬನಿದ್ದಾನೆ. ನಿಜ ಹೆಸರು ಗೊತ್ತಿಲ್ಲ. ಯಾವಾಗಲೂ ಅದನ್ನೇ ಕೇಳುತ್ತಾನಾದ್ದರಿಂದ ನಾವೆಲ್ಲ ಅವನನ್ನು ‘ಮೂಲವೆಲ್ಲಿ’ ಎಂದೇ ಕರೆಯುತ್ತೇವೆ. ನಾನು ಬಳಗ ಸೇರಿದ ದಿನ ಎಲ್ಲರಿಗೂ ನಮಸ್ಕಾರ ಎಂದು ಬರೆದಿದ್ದೆ. ಅದಕ್ಕೂ ಆತ ಮೂಲ ಕೇಳಿದ್ದ. ಈಗ ಅವನಿಂದ ತಕ್ಷಣ ಪ್ರಶ್ನೆ ಬಂತು. ಊರಿನಲ್ಲಿ ಎಲ್ಲಾದರೂ ಹಳೆಯ ಕೆತ್ತನೆ ಇದೆಯೇ?

ಇತ್ತು. ಹಳೇ ಪೇಟೆಯ ಹೆಬ್ಬಾಗಿಲಿನ ಮೇಲೆ ಗಾರೆಯ ಗುರಾಣಿ.

ಮಾವ: ಅದಕ್ಕೆ ಮುಖಾನೇ ಇಲ್ವಲ್ಲ. ನಾನು ಚಡ್ಡಿ ಹಾಕ್ತಿದ್ದ ಕಾಲದಿಂದ ಕತ್ತಿನ ಮೇಲೆ ಪಾರಿವಾಳದ ಗೂಡು.

ಅಮ್ಮ: ಹೌದು. ತಲೆ ಓಡಿಸದೇ ಇದ್ದೋರನ್ನೆಲ್ಲ ಅಪ್ಪ ಪೇಟೆ ಸಿಂಹ ಅಂತಿದ್ರು. ನಿನ್ನನ್ನೂ ಅಂದಿದ್ರಲ್ಲ.

ಇದನ್ನೂ ಬಳಗಕ್ಕೆ ಬರೆದೆ. ‘ಮೂಲವೆಲ್ಲಿ’ ತೀರ್ಪು ಕೊಟ್ಟ. ಮುಖವೇ ಇಲ್ಲವೆಂದ ಮೇಲೆ ಬಾಯಿ ತೆರೆದಿತ್ತೋ ಮುಚ್ಚಿತ್ತೋ ಯಾರೂ ಹೇಳಲಾರರು, ಆದ್ದರಿಂದ ಪುರಸಭೆ ಹೇಳಿದ್ದೇ ಆಗಲಿ. ಆದರೆ ಆ ಮುಖವಿಲ್ಲದ ಸಿಂಹದ ಫೋಟೊ ಸಂಜೆಯೊಳಗೆ ಬರಬೇಕು, ಇಲ್ಲವಾದರೆ ಹಳೆಯ ಚಿತ್ರವನ್ನೇ ಮತ್ತೆ ಹಾಕುತ್ತೇನೆ ಎಂದ.

ನಾನು ನಾಲಿಗೆ ಅಳಿಸಿದೆ, ದವಡೆ ಸೇರಿಸಿದೆ. ಗುರಾಣಿಯ ಸಿಂಹಕ್ಕೆ ನಾಲಿಗೆಯೇ ಅರ್ಧ ಪ್ರಾಣವೆಂದು ಆಗ ತಿಳಿಯಿತು. ಅದು ಹೋದ ಮೇಲೆ ಪಾಪದ ಪ್ರಾಣಿ, ಮಾವನ ಮನೆಯಲ್ಲಿ ಮಾತು ನುಂಗಿಕೊಂಡು ಕೂತ ಅಳಿಯನಂತೆ ಕಂಡಿತು. ನನ್ನ ಮಾವನಿಗೆ ಅದೇ ಬಹಳ ಹಿಡಿಸಿತು. ಗಾಂಭೀರ್ಯ ಎಂದರೆ ಇದು ಎಂದು ಚಿತ್ರವನ್ನು ಕೂತಲ್ಲಿಂದಲೇ ಬಾವುಟ ಅಚ್ಚು ಹಾಕುವ ಪ್ರೆಸ್ಸಿಗೆ ಕಳಿಸಿದರು. ಬಿಸಿಲು ಇಳಿದ ಮೇಲೆ, ಫೋಟೊ ಕೆಲಸವೊಂದು ಮುಗಿಸಿಬಿಡೋಣ ಎಂದು ನಾವಿಬ್ಬರೂ ಪೇಟೆಯತ್ತ ಹೊರಟೆವು.

ಪೇಟೆಯ ಹೆಬ್ಬಾಗಿಲಿಗೆ ಏಣಿ ಒರಗಿತ್ತು. ಏಣಿಯ ತುದಿಯಲ್ಲಿ ಪೇಂಟರು. ಅವರ ಭುಜದಾಚೆ, ನಾವು ಹುಟ್ಟಿದಾಗಿನಿಂದ ಕಾಣದಿದ್ದ ಮುಖವೊಂದು ಹೊಸ ಗಾರೆಯಲ್ಲಿ ಮೂಡಿ, ಬಾಯಿ ಅಗಲಿಸಿ, ಹಸಿ ಕೆಂಪು ನಾಲಿಗೆಯನ್ನು ಪೇಟೆಗೆಲ್ಲ ತೋರಿಸುತ್ತಿತ್ತು. ನೆಲೆ ತಪ್ಪಿದ ಪಾರಿವಾಳಗಳು ತಂತಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದವು.

ನಮ್ಮ ಬಳಗದವರ ಕೈಯೇ ಹಾಗೆ. ಗುರಾಣಿ ಕಂಡರೆ ಮೊದಲು ಫೋಟೊ, ಆಮೇಲೆ ಯೋಚನೆ. ಯೋಚನೆ ಬರುವಷ್ಟರಲ್ಲಿ ಫೋಟೊ ‘ಮೂಲವೆಲ್ಲಿ’ಗೆ ಹೋಗಿಯಾಗಿತ್ತು.

ಮಾವ: ಯಾರಪ್ಪ ನಿನಗೆ ಮುಖ ಹಚ್ಚು ಅಂದದ್ದು?

ಪೇಂಟರ್: ನೀವೇ ಸಾರ್. ನಾಳೆಯೊಳಗೆ ಪೇಟೆಬಾಗಿಲಲ್ಲಿ ಒಡೆದದ್ದು, ಉದುರಿದ್ದು ಎಲ್ಲಾ ಮೆತ್ತಿ ಬಣ್ಣ ಹೊಡಿ ಅಂದಿದ್ರಲ್ಲ. ಇದೂ ಉದುರಿತ್ತು.

ಮಾವ: ಈ ಮುಖ ಎಲ್ಲಿ ಸಿಕ್ತು?

ಪೇಂಟರ್: ಮೊಬೈಲಲ್ಲಿ ನಮ್ಮೂರ ಹೆಸರು ಹಾಕಿದೆ. ಬಂತು. ನಾಲಿಗೆ ಸಮೇತ.

ಮಾವ ನನ್ನ ಕಡೆ ನೋಡಿದರು. ನಾನು ಪಾರಿವಾಳಗಳ ಕಡೆ ನೋಡಿದೆ.

ಮಾವ: ಅಧ್ಯಕ್ಷರು ಈ ದಾರೀಲಿ ಬರೋದ್ರೊಳಗೆ ಬಾಯಿ ಮುಚ್ಚಿಬಿಡಪ್ಪ. ಕೈ ಮುಗೀತೀನಿ.

ಪೇಂಟರ್: ಬಂದು ಹೋದ್ರಲ್ಲ ಸಾರ್, ಈಗಷ್ಟೇ. ಕೆಳಗೆ ನಿಂತು ತುಂಬ ಹೊತ್ತು ನೋಡಿದ್ರು. ಜೊತೇಲಿದ್ದೋರಿಗೆಲ್ಲ ತೋರಿಸಿ, ನೋಡ್ರಯ್ಯ, ನಮ್ಮ ಹಿರಿಯರು ಆ ಕಾಲದಲ್ಲೇ ಎಂಥ ಧೈರ್ಯದ ಸಿಂಹ ಮಾಡಿಟ್ಟಿದ್ದಾರೆ, ಇದರ ಬಾಯಿ ಮುಚ್ಚಿಸೋಕೆ ಆ ಗುಮಾಸ್ತ ಯಾರು ಅಂದ್ರು.

ಮಾವ: ಮುಚ್ಚಿಸು ಅಂದದ್ದು ಅವರೇ ಅಲ್ವೇನೋ?

ಪೇಂಟರ್: ಅದು ನನಗೆ ಗೊತ್ತಿಲ್ಲ ಸಾರ್. ನಾನು ಮೇಲಿದ್ದೆ.

ಇದು ಹಿರಿಯರದ್ದಲ್ಲ, ಈಗ ಮೆತ್ತಿದ್ದು ಅಂತ ಹೇಳಬಾರದಿತ್ತೇ ಎಂದು ನಾನು ಕೇಳಿದೆ. ದೊಡ್ಡವರು ಮೆಚ್ಚಿ ಮಾತಾಡುವಾಗ ನಡುವೆ ಬಾಯಿ ಹಾಕುವುದು ಚೆನ್ನಾಗಿರುವುದಿಲ್ಲ ಎಂದರು ಪೇಂಟರು. ಅಷ್ಟರಲ್ಲಿ ಮಾವನ ಫೋನು ಬಂತು. ಪ್ರೆಸ್ಸಿನವರು. ಅಷ್ಟೂ ಬಾವುಟ ಅಚ್ಚಾಗಿ ಹಗ್ಗದ ಮೇಲೆ ಒಣಗುತ್ತಿವೆ, ಬಾಯಿ ಎಲ್ಲೂ ಚೂರೂ ಬಿಟ್ಟುಕೊಂಡಿಲ್ಲ, ಬಂದು ನೋಡಿ ಎಂದು ಹೆಮ್ಮೆಯಿಂದ ಹೇಳಿದರು. ಮಾವ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತರು.

ನನ್ನ ಫೋನೂ ಕುಂಯ್‌ಗುಟ್ಟಿತು. ‘ಮೂಲವೆಲ್ಲಿ’ ಅಪರೂಪಕ್ಕೆ ಉದ್ದವಾಗಿ ಬರೆದಿದ್ದ. ಮುಖವಿಲ್ಲವೆಂದು ನಿಮಗೆ ಯಾರೋ ತಪ್ಪು ಹೇಳಿರಬೇಕು, ಕೆತ್ತನೆ ಮುಖ ಸಮೇತ ಸಿಕ್ಕಿದ್ದು ಬಹಳ ಸಂತೋಷ, ನೀವು ಮೊದಲು ಹಾಕಿದ್ದ ಚಿತ್ರ ನಾಲಿಗೆಯ ಕೊಂಕಿನವರೆಗೂ ಅದಕ್ಕೆ ತಾಳೆಯಾಗುತ್ತದೆ, ಅದನ್ನೇ ಮತ್ತೆ ಹಾಕಿದ್ದೇನೆ, ನಿಮ್ಮಂಥ ನಿಖರ ಕೆಲಸಗಾರರು ಬಳಗದಲ್ಲಿ ಕಡಿಮೆ. ಓದುತ್ತ ಒಂದು ಕ್ಷಣ ನನ್ನ ಎದೆ ಉಬ್ಬಿತು. ನಾಚಿಕೆ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ನಾನು: ಮಾವ, ನಿಜ ಹೇಳಿಬಿಡೋಣ. ಅಧ್ಯಕ್ಷರಿಗೆ ನೀವು ಹೇಳಿ, ಬಳಗಕ್ಕೆ ನಾನು ಹೇಳ್ತೀನಿ. ಆ ಮುಖ ಇವತ್ತು ಬೆಳಿಗ್ಗೆ ಹುಟ್ಟಿದ್ದು ಅಂತ.

ಮಾವ: ಹೇಳು. ಮೊದಲು ಮುಖ ಇರಲಿಲ್ಲ ಅನ್ನೋದಕ್ಕೆ ಮೂಲ?

ತಲೆಯಿಲ್ಲದ ಸಿಂಹದ ಫೋಟೊವನ್ನು ಈ ಊರಿನಲ್ಲಿ ಯಾರೂ ಯಾವತ್ತೂ ತೆಗೆದಿರಲಿಲ್ಲ. ಅದನ್ನು ತೆಗೆಯಲೆಂದೇ ನಾವು ಬಂದದ್ದು.

ಮಾವ ಎದ್ದರು. ಅಂಗಿಯ ತೋಳು ಮಡಚಿದರು. ಏಣಿಯ ಬುಡದಲ್ಲಿದ್ದ ಕೆಂಪು ಬಣ್ಣದ ಡಬ್ಬಿಯನ್ನೂ ಎರಡು ಸಣ್ಣ ಕುಂಚಗಳನ್ನೂ ಎತ್ತಿಕೊಂಡರು. ಪೇಂಟರು ಮೇಲಿನಿಂದ ಅದು ನಂದು ಸಾರ್ ಎಂದದ್ದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಒಂದು ಕುಂಚವನ್ನು ನನ್ನ ಕೈಗಿತ್ತರು.

ನಾನು: ಮುಚ್ಚಿದ ಬಾಯಿಂದ ನಾಲಿಗೆ ಹೇಗೆ ಹೊರಗೆ ಬರುತ್ತೆ ಮಾವ?

ಮಾವ: ನಮ್ಮ ಕಚೇರೀಲಿ ಎಲ್ಲರದೂ ಹಾಗೇ ಬರೋದು. ನಡಿ, ಕತ್ತಲಾಗೋದ್ರೊಳಗೆ ಒಂದೊಂದು ಬಾವುಟಕ್ಕೂ ನಾಲಿಗೆ ಹಚ್ಚಬೇಕು. ಯಾರಾದ್ರೂ ಕೇಳಿದ್ರೆ ನೀನು ಸುಮ್ಮನಿರು, ನಾನು ಹೇಳ್ತೀನಿ. ಪರಂಪರೆ ಅನ್ನೋದು ತಾನಾಗೇ ಉಳಿಯಲ್ಲ, ಅದನ್ನ ನಾವೇ ಕೂತು, ಕೈಯಾರೆ, ಬಣ್ಣ ಒಣಗೋದ್ರೊಳಗೆ...

ಎನ್ನುತ್ತಲೇ ಮಾವ ಡಬ್ಬಿ ತುಳುಕದಂತೆ ಹಿಡಿದು, ಪೇಟೆಯ ಮೂಲೆ ತಿರುಗಿ ಪ್ರೆಸ್ಸಿನತ್ತ ನಡೆದೇಬಿಟ್ಟರು.