ಚೊಂಬಿನಲ್ಲಿದ್ದ ನೀರು

ಒಳ್ಳೆಯ ಮಾತು ಮನುಷ್ಯನನ್ನು ತಿದ್ದುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಾನೂ ಹೀಗೆ ಒಬ್ಬರನ್ನು ತಿದ್ದಿದ್ದೇನೆ. ಆದರೆ ಆ ಮಾತು ನನ್ನ ಬಾಯಿಂದ ಬಂದದ್ದು ಸಜ್ಜನಿಕೆಯಿಂದಲ್ಲ, ಹೆದರಿಕೆಯಿಂದ. ಇಷ್ಟನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ನೆಮ್ಮದಿಯಾಗಿ ಹೇಳಬಹುದು.

ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಮಾರೇನಹಳ್ಳಿಯಿಂದ ಮುನಿಯಪ್ಪ ಹಸುವನ್ನು ಬಾಗಿಲಿಗೇ ಹೊಡೆದುಕೊಂಡು ಬಂದು, ಪಾತ್ರೆಯನ್ನು ಬೋರಲು ಹಾಕಿ ಖಾಲಿಯೆಂದು ತೋರಿಸಿ, ಕಣ್ಣೆದುರೇ ಹಾಲು ಕರೆದುಕೊಡುತ್ತಿದ್ದ. ಆದರೂ ಹಾಲು ತೆಳ್ಳಗಿರುತ್ತಿತ್ತು. ವಿಷಮಜ್ವರದಿಂದ ಆಗತಾನೆ ಎದ್ದ ನಮ್ಮ ಒಂದೂವರೆ ವರ್ಷದ ಮಗುವಿಗೆ ಹಾಲೇ ಆಹಾರವೆಂದು ಡಾಕ್ಟರು ಹೇಳಿದ್ದರು. ಮಗುವಿನ ಕೈ ದಿನದಿನಕ್ಕೆ ಸಣ್ಣಗಾಗುತ್ತಿತ್ತು. "ಇವತ್ತು ನೀವೇ ನಿಂತು ನೋಡಿ, ಬಾಯಿಬಿಟ್ಟು ಕೇಳಿ" ಎಂದು ನನ್ನ ಹೆಂಡತಿ ಜಾನಕಿ ನನ್ನನ್ನು ಹೊರಗೆ ಕಳಿಸಿ, ತಾನು ಕಿಟಕಿಯಲ್ಲಿ ನಿಂತಳು.

ನಿಂತು ನೋಡಿದೆ. ಮುನಿಯಪ್ಪ ಚೊಂಬಿನ ನೀರಿನಿಂದ ಕೆಚ್ಚಲು ತೊಳೆದ. ಎಡಗೈಯಿಂದ ಕರುವನ್ನು ಸರಿಸುವ ನೆಪದಲ್ಲಿ ಅತ್ತ ತಿರುಗಿ, ಬಲಗೈಯಿಂದ ಮಿಕ್ಕ ನೀರನ್ನು ಪಾತ್ರೆಗೆ ಬಗ್ಗಿಸಿದ. ಸುಮಾರು ಕಾಲು ಚೊಂಬು. ಎರಡು ಧಾರೆ ಕರೆದು ತಲೆಯೆತ್ತಿದ. ನಾನು ನೋಡಿದ್ದನ್ನು ಅವನೂ ನೋಡಿದ.

ಹಿಂದಿನ ಬೀದಿಯ ಮೇಷ್ಟರು ತಮ್ಮ ಹಾಲಿನವನನ್ನು ಕಳ್ಳನೆಂದು ಬೈದ ಮೇಲೆ ಆ ಬೀದಿಗೆ ಯಾವ ಹಸುವೂ ಕಾಲಿಟ್ಟಿರಲಿಲ್ಲ. ಮುನಿಯಪ್ಪನೂ ಬರುವುದನ್ನು ನಿಲ್ಲಿಸಿದರೆ ಮಗುವಿಗೆ ಆ ತೆಳ್ಳಗಿನ ಹಾಲೂ ಇಲ್ಲ. ಜೊತೆಗೆ ಗೋಡೆಗೆ ಒರಗಿಸಿದ್ದ ಅವನ ದೊಣ್ಣೆ ಬೇರೆ. ಎರಡು ಹೆಜ್ಜೆ ಹಿಂದೆ ಸರಿದೆ. ಅಲ್ಲಿಯವರೆಗೆ ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದ ನಾನು, "ಮುನಿಯಪ್ಪನೋರೆ, ನಮ್ಮ ಮಗು ಉಳಿದದ್ದೇ ನಿಮ್ಮ ಹಾಲಿನಿಂದ" ಎಂದೆ.

ಕಿಟಕಿಯಲ್ಲಿ ಬಳೆ ಸದ್ದಾಯಿತು. ಒಳಗೆ ಹೋದ ಮೇಲೆ ನನಗೆ ಏನು ಕಾದಿದೆ ಎಂಬುದು ಆ ಸದ್ದಿನಲ್ಲೇ ತಿಳಿಯಿತು.

ಮುನಿಯಪ್ಪ ಪಾತ್ರೆಯತ್ತ ನೋಡಿದ. ಆಮೇಲೆ, "ಇದ್ರಾಗೆ ಕಸ ಬಿದ್ದದೆ ಸ್ವಾಮಿ, ಮಗೀಗೆ ಬ್ಯಾಡ" ಎಂದು ಅದನ್ನು ಕನಕಾಂಬರದ ಬುಡಕ್ಕೆ ಸುರಿದು, ಹೊಸದಾಗಿ ಕರೆದ. ಮರುದಿನದಿಂದ ಕೆಚ್ಚಲು ತೊಳೆದ ಮೇಲೆ ಪಾತ್ರೆಯ ಜೊತೆ ಚೊಂಬನ್ನೂ ಬೋರಲು ಹಾಕಿ ತೋರಿಸತೊಡಗಿದ. ತಿಂಗಳೊಳಗೆ ಮಗುವಿನ ಕೆನ್ನೆ ತುಂಬಿತು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಒಂದು ದಿನ ಮುನಿಯಪ್ಪ ಜಾನಕಿಗೆ ಎಲ್ಲವನ್ನೂ ತಾನೇ ಹೇಳಿಬಿಟ್ಟ. "ನಿಮ್ ಯಜಮಾನ್ರು ಕಣ್ಣಾರೆ ಕಂಡ್ರು ಕಣವ್ವ. ಕಂಡೂ ಒಂದು ಮಾತು ಅನ್ನಲಿಲ್ಲ. ಅಂಥಾ ದೊಡ್ಡ ಮನಸ್ಸು ಯಾರಿಗದೆ?"

ನಾನು ಹಿಂದೆ ಸರಿದದ್ದನ್ನು ಕಿಟಕಿಯಿಂದ ನೋಡಿದ್ದ ಜಾನಕಿ ನಗಲಿಲ್ಲ. "ಹೌದಪ್ಪ, ಅವರದು ದೊಡ್ಡ ಮನಸ್ಸು" ಎಂದಳು. ಆಮೇಲೆ ಬಂದವರಿಗೆಲ್ಲ ಹಾಗೆಯೇ ಹೇಳಿದಳು.

ಮೊನ್ನೆ ಹುಳಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಮೊದಲ ತುತ್ತಿಗೇ ತಲೆಯೆತ್ತಿದೆ. ಸೌಟು ಹಿಡಿದ ಜಾನಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಸೌಟು ಬಡಿಸು ಎಂದೆ.