ಭಾವನ ಪ್ರೋಗ್ರಾಮಿನ ಪಾಲುಪಟ್ಟಿ

ನಮ್ಮ ಭಾವ ಹಲಸಿನ ಹಣ್ಣೊಂದನ್ನು ಬಿಟ್ಟು ಈ ಭೂಮಿಯ ಮೇಲಿನ ಯಾವುದನ್ನೂ ಭಾಗ ಮಾಡಲು ಒಪ್ಪಿದವರಲ್ಲ!

ಸಾಗರದ ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಜೆರಾಕ್ಸ್ ಅಂಗಡಿ. ಅಲ್ಲೇ ಕೂತು ಸಾಗರ, ಹೊಸನಗರ, ತೀರ್ಥಹಳ್ಳಿ ಬಸ್ಸುಗಳ ವೇಳೆ ತೋರಿಸುವ ವೆಬ್‌ಸೈಟ್ ಕಟ್ಟಿದ್ದಾರೆ. ಕೋಡೆಲ್ಲ ಒಂದೇ ಫೈಲಿನಲ್ಲಿ! ಹೊಸನಗರದ ಬಸ್ಸು ತಿದ್ದಿದರೆ ತೀರ್ಥಹಳ್ಳಿಯ ಬಸ್ಸು ಮಾಯ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, “ಊರಿಗೊಂದು ಫೈಲ್ ಮಾಡಿ ಭಾವ” ಎಂದೆ.

“ನಮ್ಮನೆ ಪಾಲಾಗಿದ್ದು ಸಾಕಾಗ್ಲಿಲ್ವಾ ನಿಂಗೆ?” ಎಂದು ಎಗರಿದರು.

ಪಾಪ, ಪಾಲಿನ ದಿನ ಮಾತಿಗೆ ಮಾತು ಬೆಳೆದು, ಹೊಸನಗರದಲ್ಲಿರುವ ತಮ್ಮನ ಜೊತೆ ಮಾತು ಬಿಟ್ಟಿದ್ದರು. ಹಬ್ಬದ ಊಟಕ್ಕೆ ಕೂರುವ ಮುಂಚೆ ಬಾಗಿಲ ಕಡೆ ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಒಮ್ಮೆ ವೆಬ್‌ಸೈಟ್ ನಂಬಿ ಬಂದ ಅಜ್ಜಿಯೊಬ್ಬರಿಗೆ ತೀರ್ಥಹಳ್ಳಿ ಬಸ್ಸು ತಪ್ಪಿತು. ಭಾವ ಸ್ಕೂಟರಿನಲ್ಲೇ ಅಲ್ಲಿಯವರೆಗೆ ಬಿಟ್ಟು ಬಂದರು. ದಾರಿಯುದ್ದಕ್ಕೂ ಅಜ್ಜಿಯ ಬೈಗುಳ ಉಚಿತ! ಸೊಂಟ ಹಿಡಿದುಕೊಂಡು ಇಳಿದವರೇ, “ಪಾಲು ಮಾಡೇಬಿಡೋಣ ಮಾರಾಯ” ಎಂದರು.

ಭಾವನ ಪಾಲೆಂದರೆ ಸುಮ್ಮನೆಯೇ? ಪಂಚಾಯ್ತಿಗೆ ನಾನು, ಸಾಕ್ಷಿಗೆ ಅಕ್ಕ, ನಡುವೆ ಎಲೆಯಡಿಕೆಯ ತಟ್ಟೆ! ಯಾವ ಊರಿಗೂ ಅನ್ಯಾಯವಾಗಬಾರದೆಂದು ಹಬ್ಬದ ರಜೆಗೆ ಯಾವ ಬಸ್ಸಿಲ್ಲವೆಂದು ನೋಡುವ ಕೋಡನ್ನೂ ಮೂರು ಫೈಲಿಗೂ ಒಂದೊಂದು ಪ್ರತಿ ಹಂಚಿದರು. ಮುಂದಿನ ಹಬ್ಬಕ್ಕೆ ಸಾಗರದ ಪ್ರತಿಯನ್ನಷ್ಟೇ ತಿದ್ದಿ ಉಳಿದೆರಡನ್ನು ಮರೆತರು. ಅವತ್ತು ವೆಬ್‌ಸೈಟಿನಲ್ಲಿ ಸಾಗರದಿಂದ ಹೊರಡದ ಬಸ್ಸು ಹೊಸನಗರಕ್ಕೆ ಸರಿಯಾದ ಹೊತ್ತಿಗೆ ಬಂದು ಮುಟ್ಟಿತು!

ಅಕ್ಕ ಹಣೆ ಚಚ್ಚಿಕೊಂಡಳು. “ಬಾವೀನ ಯಾರಾದ್ರೂ ಪಾಲು ಹಾಕ್ತಾರೇನ್ರೀ? ಅದನ್ನ ಬೇರೆ ಇಡಿ, ಮೂರೂ ಮನೆಯವ್ರು ಅಲ್ಲಿಂದ್ಲೇ ಸೇದ್ಕೊಳ್ಲಿ.”

ರಜೆಯ ಕೋಡು ನಾಲ್ಕನೆಯ ಫೈಲಾಯಿತು. ಉಳಿದ ಮೂರೂ ಅದನ್ನೇ ಕೇಳತೊಡಗಿದವು. ಎಲ್ಲ ಸರಿಹೋದರೂ ಭಾವನ ಕಣ್ಣು ಮಾತ್ರ ಹೊಸನಗರದ ಫೈಲನ್ನು ಬಿಡಲಿಲ್ಲ. ಆಮೇಲೆ ಫೋನ್ ತೆಗೆದು, ಸ್ಪೀಕರಿಗೆ ಹಾಕಿ, ತಮ್ಮನಿಗೇ ಹಚ್ಚಿಬಿಟ್ಟರು!

“ನಾನು ಕಣೋ. ಹೊಸನಗರದ ಬಸ್ಸಿಂದು ಬೇರೆ ಫೈಲ್ ಮಾಡಿದೀನಿ. ಅದನ್ನ ನೀನು ನೋಡ್ಕೊಳ್ತೀಯಾ?”

ಆ ಕಡೆಯಿಂದ ತಮ್ಮನ ದನಿ ಬಂತು.

“ಅಣ್ಣಾ, ಸಾಗರಕ್ಕೆ ಬರೋ ಸಂಜೆ ಬಸ್ಸು ಈಗ ಐದೂವರೆಗೇ ಬಿಡ್ತದೆ. ನಿಂದ್ರಲ್ಲಿ ಇನ್ನೂ ಆರು ಗಂಟೆ ಅಂತಿದೆ. ದಿನಾ ನೋಡ್ತೀನಿ... ಹ್ಯಾಗೆ ಹೇಳೋದು ಅಂತ ಸುಮ್ನಿದ್ದೆ.”

ಭಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ತಿದ್ದೋದು ಆಮೇಲಾಯ್ತು. ಇವತ್ತು ಆ ಬಸ್ಸು ಹತ್ತು.”